ಲಿಫ್ಟ್ ಬಾಗಿಲಿನ ಗೀರು ತೆಗೆಯೋಕೆ ಡ್ರಿಲ್ ಹಿಡಿಯುವ ಮುಂಚೆ ಇದನ್ನು ಓದಿ

ನಮ್ಮ ಕಟ್ಟಡದ ಲಿಫ್ಟ್ ಬಾಗಿಲಿಗೆ ಯಾರೋ ಬೀರು ಸಾಗಿಸುವಾಗ ಒಂದು ಗೀರು ಬಿತ್ತು. ಒಂದು ಗೇಣು ಉದ್ದ, ಅಷ್ಟೇ. ಸುಮ್ನೆ ಬಿಟ್ಟಿದ್ದರೆ ವಾರದಲ್ಲಿ ಎಲ್ಲರೂ ಮರೆತಿರುತ್ತಿದ್ದರು. ಆದರೆ ನನ್ನ ಹತ್ತಿರ ಡ್ರಿಲ್ ಇತ್ತು, ಅದಕ್ಕೆ ಸಿಕ್ಕಿಸುವ ಉಜ್ಜುವ ಡಿಸ್ಕ್ ಇತ್ತು, ಜೊತೆಗೆ ಭಾನುವಾರ ಬೇರೆ.

ಎರಡೇ ನಿಮಿಷ. ಗೀರು ಹೋಯಿತು, ಅದರ ಜಾಗದಲ್ಲಿ ಊಟದ ತಟ್ಟೆಯಷ್ಟು ಅಗಲದ ಸುತ್ತುಸುತ್ತು ಕಲೆ ಬಂತು. ದೀಪ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ.

ನೀವೂ ಒಮ್ಮೆ ಹತ್ತಿರ ಹೋಗಿ ನೋಡಿ, ಬಹಳಷ್ಟು ಲಿಫ್ಟುಗಳ ಸ್ಟೀಲ್ ಮೇಲೆ ಒಂದೇ ದಿಕ್ಕಿಗೆ ಓಡುವ ಸಣ್ಣ ಸಣ್ಣ ಗೆರೆಗಳಿರುತ್ತವೆ, ಕಾರ್ಖಾನೆಯಲ್ಲಿ ಬೇಕೆಂದೇ ಉಜ್ಜಿ ಎಬ್ಬಿಸಿದ್ದು. ನಾನು ಅದಕ್ಕೆ ಅಡ್ಡಡ್ಡ ಹೋಗಿದ್ದೆ.

ಅಷ್ಟಕ್ಕೇ ಬಿಟ್ಟೆನಾ? ಇಲ್ಲ. ಸ್ಟೀಲ್ ವುಲ್, ಅಂದರೆ ಕಬ್ಬಿಣದ ಸಣ್ಣ ಎಳೆಗಳ ಉಂಡೆ, ತಂದು ತಿಕ್ಕಿದೆ. ಕೆಲವು ದಿನಕ್ಕೆ ಅಲ್ಲಿ ಕಂದು ಚುಕ್ಕಿ ಎದ್ದವು. ಸ್ಟೇನ್‌ಲೆಸ್ ಸ್ಟೀಲಿಗೂ ತುಕ್ಕಾ ಅಂತ ನಾನೂ ಬಾಯಿ ಬಿಟ್ಟೆ. ತುಕ್ಕು ಹಿಡಿದದ್ದು ಸ್ಟೀಲ್ ವುಲ್ ಉದುರಿಸಿ ಹೋದ ಕಬ್ಬಿಣದ ಪುಡಿಗೆ. ಬ್ಲೀಚ್ ಹಾಕಿ ತೊಳೆಯೋಣ ಅಂತಿದ್ದೆ, ಅಷ್ಟರಲ್ಲಿ ಸ್ಟೀಲ್ ಪಾಲಿಶ್ ಮಾಡುವವರು ಬಂದು ಕೈ ಹಿಡಿದರು. ಬ್ಲೀಚಿನ ಕ್ಲೋರಿನ್, ಟಾಯ್ಲೆಟ್ಟಿನ ಆ್ಯಸಿಡ್, ಎರಡೂ ಈ ಸ್ಟೀಲನ್ನು ಚುಚ್ಚಿ ಗುಳಿ ಮಾಡುತ್ತವಂತೆ.

ಅವರು ಕೆಲಸ ಮಾಡಿದ ರೀತಿ ನೋಡಬೇಕಿತ್ತು. ಮೊದಲು ಗೀರಿದ್ದ ಕಡೆ ಉಗುರು ಎಳೆದರು. ಉಗುರು ಸಿಕ್ಕಿಕೊಂಡರೆ ಗೀರು ಆಳ, ಅಲ್ಲಷ್ಟೇ ಉಜ್ಜುತ್ತಾ ಹೋದರೆ ಆ ಜಾಗ ತಗ್ಗು ಬೀಳುತ್ತದೆ. ಆಮೇಲೆ ಅಂಚಿಗೆಲ್ಲ ಟೇಪ್ ಅಂಟಿಸಿ, ನಾರಿನ ಪ್ಯಾಡ್ ಹಿಡಿದು, ಬಾಗಿಲಿನ ಈ ತುದಿಯಿಂದ ಆ ತುದಿಗೆ ಗೆರೆಯ ಜಾಡಿನಲ್ಲೇ, ಒಂದೇ ಒತ್ತಡದಲ್ಲಿ ಎಳೆದರು. ಹಿಂದೆ ಮುಂದೆ ತಿಕ್ಕಲಿಲ್ಲ, ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಗೇಣುದ್ದದ ಗೀರಿಗೆ ಇಡೀ ಬಾಗಿಲೇ ಉಜ್ಜಬೇಕಾಯಿತು, ಇಲ್ಲದಿದ್ದರೆ ಹೊಳಪು ಒಂದೊಂದು ಕಡೆ ಒಂದೊಂದು ಥರ ಕಾಣುತ್ತಿತ್ತು. ಇಷ್ಟಾದರೂ ನನ್ನ ಸುತ್ತು ಪೂರ್ತಿ ಮಾಯವಾಗಿಲ್ಲ, ಓರೆಯಾಗಿ ನೋಡಿದರೆ ಈಗಲೂ ಸ್ವಲ್ಪ ಕಾಣುತ್ತದೆ.

ಇನ್ನೊಂದು ಲಿಫ್ಟಿನದು ಬಂಗಾರ ಬಣ್ಣದ ಬಾಗಿಲು. ಆ ಬಣ್ಣ ತೀರಾ ತೆಳ್ಳಗಿನ ಲೇಪ, ಉಜ್ಜಿದರೆ ಒಳಗಿನ ಬಿಳಿ ಸ್ಟೀಲ್ ಎದ್ದು ಕಾಣುತ್ತದೆ, ಹೋದ ಬಣ್ಣವನ್ನು ಅಲ್ಲೇ ನಿಂತು ಹಾಕೋಕೂ ಆಗಲ್ಲ. ಉಬ್ಬು ಚಿತ್ತಾರದ ಶೀಟಿಗೂ ಪ್ಯಾಡ್ ತಾಕಿಸಬೇಡಿ ಅಂದರು. ಆ ಬಂಗಾರದ ಬಾಗಿಲಿಗೂ ಒಂದು ಗೀರಿದೆ. ಇರಲಿ ಬಿಡಿ.