ಹೊಸ ನೆಟ್ ಓಡುವವರೆಗೆ ಹಳೇ ವೈರ್ ಮುಟ್ಟಲು ಬಿಡಬೇಡಿ

ಮನೆಯ ಬ್ರಾಡ್‌ಬ್ಯಾಂಡಿಗೆ ‘ಪೋರ್ಟ್’, ಅಂದರೆ ಇದ್ದ ಕನೆಕ್ಷನ್ನನ್ನೇ ಬೇರೆ ಕಂಪನಿಗೆ ಬದಲಿಸಿಕೊಳ್ಳುವುದು, ಅನ್ನೋದು ಇಲ್ಲ. ಇಲ್ಲವೇ ಇಲ್ಲ. ಮೊಬೈಲ್ ನಂಬರಿಗೆ 2011ರಿಂದ ದೇಶದೆಲ್ಲೆಡೆ ಇದೆ. ಹೊಸ ಸಿಮ್ ಶುರುವಾಗುವ ಹೊತ್ತಿನವರೆಗೂ ಹಳೇದು ನಡೆಯುತ್ತದೆ. ಫೈಬರ್ ಲೈನಿಗೆ ಅಂಥ ವ್ಯವಸ್ಥೆ ಇಲ್ಲ. ಆದರೂ ಇದೆ ಅಂತ ಸುಳ್ಳು ಹೇಳಿ ಕನೆಕ್ಷನ್ ಮಾರುತ್ತಿದ್ದಾರೆ.

ಮೈಸೂರಿನ ನಮ್ಮ ಬೀದಿಗೆ ಬಂದ ಏಜೆಂಟ್ ನನಗೆ ಹೇಳಿದ್ದೂ ಇದನ್ನೇ. "ಸರ್, ಪೋರ್ಟ್ ಮಾಡಿಸ್ತೀವಿ. ಹಳೇ ಕಂಪನಿ ಜೊತೆ ನಾವೇ ಮಾತಾಡ್ತೀವಿ. ಒಂದು ನಿಮಿಷಾನೂ ನೆಟ್ ಹೋಗಲ್ಲ." ಆರು ತಿಂಗಳ ದುಡ್ಡು, ಅದರ ಮೇಲೆ 18% ಜಿಎಸ್‌ಟಿ, ಎಲ್ಲ ಮೊದಲೇ ಕಟ್ಟಿಸಿಕೊಂಡ.

ವೈರ್ ಎಳೆಯಲು ಬಂದ ಹುಡುಗ ಸೀದಾ ಟೆರೇಸಿಗೆ ಹೋದ. ನಾನು ಕೆಳಗೆ ಇದ್ದೆ. ಹಳೇ ಮೋಡೆಮ್ ಬಾಕ್ಸಿನಲ್ಲಿ ಇದ್ದಕ್ಕಿದ್ದಂತೆ ಸಿಗ್ನಲ್ ಹೋಗಿದೆ ಅಂತ ತೋರಿಸುವ ಎಲ್‌ಒಎಸ್ ಲೈಟ್ ಕೆಂಪಗೆ ಮಿಣುಕತೊಡಗಿತು. ಓಡಿಹೋಗಿ ನೋಡಿದರೆ ಹಳೇ ಫೈಬರ್ ಕತ್ತರಿಸಿ ಸುತ್ತಿಟ್ಟಿದ್ದಾನೆ! ಕೇಳಿದ್ದಕ್ಕೆ "ಪೋರ್ಟ್ ಅಂದ್ರೆ ಹಳೇದು ತೆಗೀಬೇಕಲ್ವಾ ಸರ್" ಅಂದ. ಆಮೇಲೆ ಕಂಬದ ಹತ್ತಿರ ಹೋಗಿ ಬಂದು, "ಬಾಕ್ಸ್ ಫುಲ್ ಆಗಿದೆ, ಹೊಸದು ಹಾಕ್ಬೇಕು, ನಾಳೆ ಬರ್ತೀವಿ" ಅಂತ ಹೊರಟೇಬಿಟ್ಟ. ಕಂಬದಲ್ಲಿ ಜಾಗ ಇದೆಯಾ ಅಂತ ನೋಡುವ ಮೊದಲೇ ನನ್ನ ವೈರ್ ಕತ್ತರಿಸಿದ್ದ!

ತಾಮ್ರದ ತಂತಿಯಾದರೆ ನಾವೇ ಹೇಗೋ ಸೇರಿಸಬಹುದಿತ್ತು. ಫೈಬರ್ ಜೋಡಿಸೋಕೆ ಸ್ಪ್ಲೈಸಿಂಗ್ ಮೆಷಿನ್ ಬೇಕು. ಮಗಳಿಗೆ ಆನ್‌ಲೈನ್ ಇಂಟರ್‌ವ್ಯೂ ಇತ್ತು. ಪಕ್ಕದ ಮನೆಯವರ ವೈಫೈ ಪಾಸ್‌ವರ್ಡ್ ಕೇಳಬೇಕಾಯಿತು. ಎಷ್ಟು ಮುಜುಗರ ಆಯಿತು ಅಂದರೆ ಹೇಳತೀರದು.

ಏಜೆಂಟಿಗೆ ಫೋನ್ ಮಾಡಿದರೆ "ನನ್ನದು ಬರೀ ಸೇಲ್ಸ್ ಸರ್." ಹೊಸ ಕಂಪನಿಯ ಕಸ್ಟಮರ್ ಕೇರ್‌ನವರು "ಇನ್‌ಸ್ಟಾಲೇಶನ್ ಪ್ರಗತಿಯಲ್ಲಿದೆ." ಮರುದಿನ ಕೇಳಿದರೂ ಅದೇ, ಅದರ ಮರುದಿನ ಕೇಳಿದರೂ ಅದೇ. ಹಳೇ ಕಂಪನಿಯವರದ್ದು ಇನ್ನೂ ಚೆನ್ನಾಗಿದೆ: "ನಮ್ಮ ಕೇಬಲ್ ನೀವೇ ಕತ್ತರಿಸಿದ್ದೀರಿ, ಡೆಪಾಸಿಟ್ ಬರಲ್ಲ." ನಾನು ಕತ್ತರಿಸಿದೆನಾ? ಬಂದು ನೋಡಿ ಅಂದರೆ ಯಾರೂ ಬರಲಿಲ್ಲ.

ದಯವಿಟ್ಟು ಕೇಳಿ. ಹೊಸದನ್ನು ಬೇರೆಯೇ ವೈರಿನಲ್ಲಿ ಹಾಕಿಸಿ. ಒಂದು ತಿಂಗಳು ಎರಡಕ್ಕೂ ದುಡ್ಡು ಹೋದರೂ ಹೋಗಲಿ, ಹಳೇದು ಇರಲಿ. ವೈರ್ ಎಳೆಯುವಾಗ ಪಕ್ಕದಲ್ಲೇ ನಿಂತಿರಿ. ಕಂಬದ ಬಾಕ್ಸಿನಲ್ಲಿ ಜಾಗ ಇದೆಯಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ. ಹಳೇದನ್ನು ನಿಲ್ಲಿಸುವ ಅರ್ಜಿ ನೀವೇ ಕೊಡಿ, ಬೇರೆ ಯಾರಿಗೂ ಬಿಡಬೇಡಿ. ಹಳೇ ಮೋಡೆಮ್ ಬಾಕ್ಸ್ ವಾಪಸ್ ಕೊಟ್ಟಾಗ ರಸೀದಿ ಇಲ್ಲದೆ ಕೈಬಿಡಬೇಡಿ.

ಜಗಳವಾದರೆ ಫೋನಿನಲ್ಲಿ ಕೂಗಾಡಿ ಸುಮ್ನಾಗಬೇಡಿ, ದೂರಿನ ನಂಬರ್ ತಗೊಳ್ಳಿ. ಅದಿಲ್ಲದೆ ಕಂಪನಿಯ ಮೇಲ್ಮನವಿ ವಿಭಾಗ ನಿಮ್ಮ ಮಾತು ಕೇಳಲ್ಲ. ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ಬಗೆಹರಿಸಲ್ಲ. ಗ್ರಾಹಕರ ಸಹಾಯವಾಣಿ 1915 ಇದೆ, ಅಲ್ಲಿಗೂ ಹೇಳಬಹುದು.

ನನ್ನ ಮೊದಲ ದೂರನ್ನು "ಪರಿಹರಿಸಲಾಗಿದೆ" ಅಂತ ಮೆಸೇಜ್ ಕಳಿಸಿ ಮುಚ್ಚಿದ್ದಾರೆ. ಏನೂ ಪರಿಹಾರ ಆಗಿಲ್ಲ. ಡೆಪಾಸಿಟ್ ಬಂದಿಲ್ಲ. ಮೇಲ್ಮನವಿ ಹಾಕಿದ್ದೇನೆ, ದುಡ್ಡು ಬರುವವರೆಗೂ ಬಿಡುವುದಿಲ್ಲ.