ಇಂಫಾಲದ ಹರಿಕೇನ್‌ಗೊಂದು ಡಿಕಾಲ್ ಹಾಳೆ

ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ವಾಯುಪಡೆ ಹಾರಿಸಿದ ಹರಿಕೇನ್ ವಿಮಾನಗಳ ಗುರುತುಗಳಿರುವ, 1:72 ಅಳತೆಯ (ನಿಜ ವಿಮಾನದ ಎಪ್ಪತ್ತೆರಡರಲ್ಲಿ ಒಂದರಷ್ಟಿರುವ) ಮಾದರಿಗೆ ನೀರಿನಲ್ಲಿ ನೆನೆಸಿ ಅಂಟಿಸುವ ಈ ಡಿಕಾಲ್ ಹಾಳೆಯನ್ನು ಶಿವಮೊಗ್ಗಕ್ಕೆ ಅಂಚೆಯಲ್ಲಿ ತರಿಸಿಕೊಂಡೆ. ರೆಕ್ಕೆಯ ಅಗಲ ಹೆಚ್ಚುಕಡಿಮೆ 17 ಸೆಂಟಿಮೀಟರ್ ಇರುವ ಮಾದರಿಯಲ್ಲಿ ಗುರುತಿನ ಚಿಕ್ಕ ತಪ್ಪೂ ಕಣ್ಣಿಗೆ ಬೀಳುತ್ತದೆ.

ವಿಮಾನ ಯಾರದೆಂದು ತೋರಿಸುವ ವೃತ್ತಚಿಹ್ನೆಗಳ ಮುದ್ರಣ ನಿಜಕ್ಕೂ ಶ್ಲಾಘನೀಯ. ಜಪಾನಿನ ಕೆಂಪು ಸೂರ್ಯನ ಗುರುತೆಂದು ತಪ್ಪು ತಿಳಿದು ತಮ್ಮವರೇ ಗುಂಡು ಹಾರಿಸಬಾರದೆಂದು ಭಾರತ-ಬರ್ಮಾ ರಣರಂಗದಲ್ಲಿ ಬ್ರಿಟಿಷ್ ಚಿಹ್ನೆಯ ನಡುವಿನ ಕೆಂಪನ್ನು ತೆಗೆದುಹಾಕಲಾಯಿತು. ಆಮೇಲೆ ಬಂದ ಕಡುನೀಲಿ ಮತ್ತು ತಿಳಿನೀಲಿಯ ಜೋಡಿಯನ್ನು ಹಾಳೆ ಸರಿಯಾದ ಛಾಯೆಯಲ್ಲಿ ಹಿಡಿದಿದೆ. ಕಡುಹಸಿರು ಮತ್ತು ಮಣ್ಣುಕಂದಿನ ಮೇಲ್ಮೈ ಮೇಲೆ ಅದು ಬಹಳ ಚೆನ್ನಾಗಿ ಕೂರುತ್ತದೆ.

ಹಾಳೆಯ ಜೊತೆ ಬರುವ ಬಣ್ಣದ ಮಾರ್ಗದರ್ಶಿಯನ್ನು ಮಾತ್ರ ಕಣ್ಣುಮುಚ್ಚಿ ನಂಬುವಂತಿಲ್ಲ. ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿ 1ನೇ ಸ್ಕ್ವಾಡ್ರನ್ ಇಂಫಾಲದಲ್ಲಿ ಹೋರಾಡಿದ್ದು 1944ರಲ್ಲಿ. ಆ ಸ್ಕ್ವಾಡ್ರನ್ನಿನ ಹರಿಕೇನ್‌ಗೆ ಮಾರ್ಗದರ್ಶಿಯು ರೆಕ್ಕೆ ಮತ್ತು ಬಾಲಗಳ ಮೇಲೆ ಅಗಲವಾದ ಬಿಳಿ ಪಟ್ಟಿಗಳನ್ನು ಬಳಿಯಲು ಹೇಳುತ್ತದೆ. ಅಂಥ ಪಟ್ಟಿಗಳು ಬಳಕೆಗೆ ಬಂದದ್ದು 1945ರ ಆರಂಭದಲ್ಲಿ. ಆದ್ದರಿಂದ ಆಯಾ ವರ್ಷದ ಛಾಯಾಚಿತ್ರವನ್ನು ಮುಂದಿಟ್ಟುಕೊಂಡೇ ಕುಂಚ ಹಿಡಿಯಬೇಕು. ಸೈನಿಕರ ನೆನಪಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಗೌರವ ಅದು ಎಂದು ನಾನು ಭಾವಿಸುತ್ತೇನೆ.

ಹಾಳೆ ತೆಳುವಾಗಿದ್ದು, ನೀರಿನಲ್ಲಿ ನೆನೆಸಿದೊಡನೆ ಸಲೀಸಾಗಿ ಜಾರುತ್ತದೆ. ಆದರೆ ಮಲೆನಾಡಿನ ಮಳೆಗಾಲದ ತೇವದಲ್ಲಿ ಕೊನೆಗೆ ಬಳಿಯುವ ಹೊಳಪಿಲ್ಲದ (ಮ್ಯಾಟ್) ವಾರ್ನಿಷ್ ಹಾಲಿನಂತೆ ಮಬ್ಬಾಗುವ ಸಂಭವವಿರುವುದರಿಂದ, ಆಗುಂಬೆ, ತೀರ್ಥಹಳ್ಳಿ ಕಡೆಯ ಹವ್ಯಾಸಿಗಳು ಆ ಕೆಲಸವನ್ನು ಬಿಸಿಲಿನ ದಿನಗಳಿಗೆ ಉಳಿಸಿಕೊಳ್ಳುವುದು ಒಳ್ಳೆಯದು. ಚಿಹ್ನೆಗಳಿಗಾಗಿ ಈ ಹಾಳೆಯನ್ನು ಧಾರಾಳವಾಗಿ ಕೊಳ್ಳಬಹುದು.