ಬಿಸಿ ಇಂಜಿನ್ ನೋಡಿ ಕಾರು ತಗೊಂಡು ಕೆಟ್ಟೆ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದರೆ ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಅವರು ಕೊಟ್ಟ ಟೀ ಕುಡಿದು ವಾಪಸ್ ಬನ್ನಿ. ಇನ್ನೊಂದು ದಿನ ಬೆಳಿಗ್ಗೆ, ಹೇಳದೆ ಹೋಗಿ. ಇಷ್ಟು ಕಲಿಯೋಕೆ ನನಗೆ ಒಂದು ಲಕ್ಷ 65 ಸಾವಿರ ಬೇಕಾಯಿತು. ರಿಪೇರಿ ಖರ್ಚು ಬೇರೆ.

2011ರ ಆಲ್ಟೊ, ಮೂರು ಸಿಲಿಂಡರ್, 796 ಸಿಸಿ. ಮಾರುವವರು ತುಮಕೂರಿನಲ್ಲೇ ಇದ್ದರು. ನಾನು ಹೋಗುವ ಹೊತ್ತಿಗೆ “ಈಗಷ್ಟೇ ಪೆಟ್ರೋಲ್ ಹಾಕಿಸ್ಕೊಂಡು ಬಂದೆ ಸಾರ್” ಎಂದರು. ಎಷ್ಟು ಒಳ್ಳೆಯವರಪ್ಪ ಅಂದುಕೊಂಡೆ! ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಸದ್ದಿಲ್ಲ, ಹೊಗೆಯಿಲ್ಲ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದರೆ ಹೊಸ ಆಯಿಲ್, ಜೇನುತುಪ್ಪದ ಬಣ್ಣ. ಜೇನುತುಪ್ಪದಷ್ಟೇ ಗಟ್ಟಿಯಾಗಿಯೂ ಇತ್ತು. ಅದು ಯಾಕೆ ಅಂತ ಆಗ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕ ಟಕ ಸದ್ದು. ಎರಡು ಮೂರು ನಿಮಿಷ ಇದ್ದು ಮಾಯವಾಯಿತು. ಹಳೇ ಗಾಡಿ ಅಲ್ವಾ, ಇರುತ್ತೆ ಅಂತ ಸುಮ್ಮನಾದೆ. ಬೋರ್ (ಸಿಲಿಂಡರಿನ ಒಳಗೋಡೆ) ಸವೆದು ಸಂದು ಜಾಸ್ತಿಯಾದರೆ, ಅದರೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ತಣ್ಣಗಿರುವಾಗ ಗೋಡೆಗೆ ಬಡಿಯುತ್ತದಂತೆ. ಬಿಸಿಯಾದಾಗ ಪಿಸ್ಟನ್ ಹಿಗ್ಗಿ ಸಂದು ತುಂಬುತ್ತದೆ, ಸದ್ದು ಅಡಗುತ್ತದೆ. ಪೆಟ್ರೋಲ್ ಹಾಕಿಸುವ ನೆಪ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಎರಡನೇ ತಿಂಗಳು ಧರ್ಮಸ್ಥಳಕ್ಕೆ ಹೋದೆವು. ವಾಪಸ್ ಬರುವಾಗ ಶಿರಾಡಿ ಘಾಟಿ ಹತ್ತುತ್ತಿದ್ದೆ. ಹಿಂದೆ ಇನ್ನೊಂದು ಕಾರಿನಲ್ಲಿದ್ದ ಗೆಳೆಯ ಫೋನ್ ಮಾಡಿ, “ಏನೋ ಇದು, ಸೊಳ್ಳೆಗೆ ಹೊಗೆ ಹಾಕ್ತಾ ಇದೀಯಾ?” ಎಂದ. ನೀಲಿ ಹೊಗೆ, ಅಂದರೆ ಆಯಿಲ್ ಉರಿಯುತ್ತಿದೆ. ಸಕಲೇಶಪುರದಲ್ಲಿ ನಿಲ್ಲಿಸಿ ನೋಡಿದರೆ ಆಯಿಲ್ ಡಿಪ್‌ಸ್ಟಿಕ್ಕಿನ ಕೆಳಗಿನ ಗೆರೆಗೂ ಸಿಗುತ್ತಿರಲಿಲ್ಲ.

ಊರಿಗೆ ಬಂದು ಒಂದು ಗ್ಯಾರೇಜಿಗೆ ಬಿಟ್ಟೆ. ಅವರು ಹೊಗೆ ನೋಡಿದ್ದೇ ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಸಿಲಿಂಡರಿನೊಳಗೆ ಇಳಿಯದ ಹಾಗೆ ತಡೆಯುವ ರಬ್ಬರ್) ಹೋಗಿದೆ ಎಂದರು. 4,500 ರೂಪಾಯಿ ತೆಗೆದುಕೊಂಡು ಬದಲಾಯಿಸಿದರು. ಹೊಗೆ ಹಾಗೇ ಇತ್ತು. ತಪ್ಪು ನನ್ನದೂ ಇದೆ, ಹೊಗೆ ಯಾವಾಗ ಬರುತ್ತೆ ಅಂತ ನಾನು ಸರಿಯಾಗಿ ಹೇಳಲೇ ಇಲ್ಲ. ರಾತ್ರಿಯೆಲ್ಲ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಅಂತ ಬಂದು ನಿಂತರೆ, ಅಥವಾ ಇಳಿಜಾರು ಮುಗಿದು ಎಕ್ಸಿಲರೇಟರ್ ತುಳಿದಾಗ ಬಂದರೆ, ಹೆಚ್ಚಾಗಿ ವಾಲ್ವ್ ಸೀಲ್ ಅಥವಾ ಗೈಡ್ (ವಾಲ್ವ್ ಜಾರುವ ಕೊಳವೆ) ಕಡೆ ಅನುಮಾನ. ಏರು ಹತ್ತುವಾಗ, ಲೋಡ್ ಬಿದ್ದಾಗ ಬಿಡದೆ ಬಂದರೆ ಪಿಸ್ಟನ್ ಸುತ್ತ ಇರುವ ರಿಂಗ್ ಮತ್ತು ಬೋರ್. ನಮ್ಮದು ಎರಡನೆಯದು.

ಆಮೇಲೆ ಹೋದದ್ದು ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದರು. ಇಡ್ಲಿ ಪಾತ್ರೆಯ ಹಾಗೆ ಪುಸ್ ಪುಸ್ ಎಂದು ಹೊಗೆ. “ಬ್ಯಾಕ್ ಕಂಪ್ರೆಷನ್ ಸಾರ್. ಗಾಡಿ ತರೋಕ್ ಮುಂಚೆ ನಂಗೊಂದ್ ಫೋನ್ ಮಾಡ್ಬಾರ್ದಿತ್ತಾ?” ಎಂದರು. ಸಿಲಿಂಡರಿನ ಗ್ಯಾಸ್ ರಿಂಗ್ ಸಂದಿಯಿಂದ ಕೆಳಗೆ ನುಗ್ಗುತ್ತಿದೆ ಅಂತ ಅರ್ಥ.

ಆದರೂ ಬಾಯಿಮಾತಿಗೆ ಇಂಜಿನ್ ಬಿಚ್ಚಲಿಲ್ಲ, ಅದು ನನಗೆ ಇಷ್ಟವಾಯಿತು. ಇಂಜಿನ್ ಬಿಸಿ ಇರುವಾಗ ಮೂರೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಕರೆಂಟ್ ಬಾರದ ಹಾಗೆ ಇಗ್ನಿಷನ್ ಕನೆಕ್ಷನ್ನೂ ಬಿಡಿಸಿದರು. ಪ್ಲಗ್ ತೂತಿಗೆ ಒತ್ತಡ ಅಳೆಯುವ ಗೇಜ್ ಹಾಕಿ, ನನ್ನ ಕೈಲಿ ಎಕ್ಸಿಲರೇಟರ್ ಪೂರ್ತಿ ತುಳಿಸಿ ಸೆಲ್ಫ್ ಹೊಡೆಸಿದರು. ಬಂದ ಲೆಕ್ಕ: 115, 110, 80 ಪಿಎಸ್‌ಐ. ಚೆನ್ನಾಗಿರುವ ಪೆಟ್ರೋಲ್ ಇಂಜಿನ್ನಿನಲ್ಲಿ ಸಾಮಾನ್ಯವಾಗಿ 150ರ ಮೇಲೆ ಇರಬೇಕು, ಒಂದಕ್ಕೂ ಇನ್ನೊಂದಕ್ಕೂ ಹೆಚ್ಚು ಅಂತರ ಇರಬಾರದು. ಆಮೇಲೆ ಮೂರನೇ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರು. 80 ಇದ್ದದ್ದು 130ಕ್ಕೆ ಹಾರಿತು. ಆಯಿಲ್ ರಿಂಗಿನ ಸುತ್ತ ಕೂತು ಸಂದು ಮುಚ್ಚಿದ್ದರಿಂದ ಹಾಗಾಯಿತು. ವಾಲ್ವ್ ಲೀಕ್ ಆಗಿದ್ದರೆ ಆಯಿಲ್ ಹಾಕಿದರೂ ಅಷ್ಟು ಏರುತ್ತಿರಲಿಲ್ಲ.

ಆ ಚಮಚ ನೋಡಿದಾಗಲೇ ನನಗೆ ಜೇನುತುಪ್ಪ ನೆನಪಾಗಿದ್ದು. ಇವರು ಪರೀಕ್ಷೆಗೆ ಮಾಡಿದ್ದನ್ನೇ ಮಾರಿದವರು ಇಡೀ ಇಂಜಿನ್ನಿಗೆ ಮಾಡಿದ್ದರು. ಗಟ್ಟಿ ಆಯಿಲ್ ತುಂಬಿ ಸಂದು ಮುಚ್ಚಿದ್ದರು!

ಬಿಚ್ಚಿದಾಗ ಮೆಕ್ಯಾನಿಕ್ ನನ್ನ ಉಗುರನ್ನು ಬೋರಿನ ಮೇಲ್ತುದಿಗೆ ಇಟ್ಟು ಎಳೆಯಲು ಹೇಳಿದರು. ಉಗುರು ಸಿಕ್ಕಿಕೊಂಡಿತು, ಮೆಟ್ಟಿಲಿನ ಹಾಗೆ. ಪಿಸ್ಟನ್ ಮೇಲೆ ಹೋಗಿ ನಿಂತು ತಿರುಗುವ ಜಾಗದಲ್ಲಿ ಬಿಸಿ ಜಾಸ್ತಿ, ಒತ್ತಡ ಜಾಸ್ತಿ, ಆಯಿಲ್ ಕಡಿಮೆ. ಸವೆತವೂ ಅಲ್ಲೇ ಜಾಸ್ತಿ. ರಿಂಗ್ ಮುಟ್ಟದ ಅಂಚು ಮಾತ್ರ ಹೊಸದರ ಹಾಗೇ ಉಳಿದಿರುತ್ತದೆ. ಮೂರನೆಯದರಲ್ಲಿ ಉದ್ದುದ್ದ ಗೀರು ಬೇರೆ, ಒಂದು ರಿಂಗ್ ಮಸಿ ಹಿಡಿದು ಅಲ್ಲಾಡುತ್ತಲೇ ಇರಲಿಲ್ಲ. ಏರ್ ಫಿಲ್ಟರಿನ ಆಚೆಯ ಪೈಪಿನೊಳಗೆ ಬೆರಳು ಆಡಿಸಿದರೆ ಕೆಂಪು ಧೂಳು. ಹರಿದ ಫಿಲ್ಟರ್ ಹಾಕಿಕೊಂಡೇ ಎಷ್ಟು ವರ್ಷ ಓಡಿಸಿದ್ದರೋ. ಕಾರು ಕೊಳ್ಳುವಾಗ ಆ ಪೈಪ್ ಬಿಚ್ಚಿ ನೋಡಲು ಎರಡು ನಿಮಿಷ ಸಾಕಿತ್ತು.

ಬೋರಿಂಗ್ (ಸವೆದ ಗೋಡೆ ಕೊರೆದು ಅಗಲ ಮಾಡುವುದು), ಅದಕ್ಕೆ ಹೊಂದುವ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್, ರಿಂಗ್, ಬೇರಿಂಗ್, ಕೂಲಿ ಸೇರಿ 34 ಸಾವಿರ ಆಯಿತು. ಮಾರಿದವರಿಗೆ ಫೋನ್ ಮಾಡಿದರೆ “ನೀವೇ ಓಡ್ಸಿ ನೋಡಿದ್ರಲ್ಲ ಸಾರ್” ಎಂದರು. ನಿಜ, ಓಡಿಸಿ ನೋಡಿದ್ದೆ. ಊರೊಳಗೆ, ಸಮತಟ್ಟು ರಸ್ತೆಯಲ್ಲಿ, ಎಸಿ ಹಾಕಿಕೊಂಡು, ಹಾಡು ಕೇಳುತ್ತಾ.

ಹೊಸ ಬೋರ್ ಮತ್ತು ರಿಂಗ್ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ, ಅಂದರೆ ಮೊದಲ ಸಾವಿರ ಕಿಲೋಮೀಟರ್, ಜೋರಾಗಿ ಓಡಿಸಬೇಡಿ ಎಂದಿದ್ದಾರೆ. ಈಗ 600 ಆಗಿದೆ. ಹೈವೇಯಲ್ಲಿ 60ರಲ್ಲಿ ಹೋಗುತ್ತೇನೆ, ಲಾರಿಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋಗುತ್ತಿವೆ.